ಎದ್ದ ಕೂಡಲೇ ಅಳೆಯಬೇಕಾದ ಹಾಸಿಗೆ

ಅಧ್ಯಕ್ಷತೆ ವಹಿಸಿರುವ ನಮ್ಮ ಕಾರ್ಖಾನೆಯ ಮಾಲೀಕರೇ, ವೇದಿಕೆಯ ಮೇಲಿರುವ ಮಾರಾಟ ವಿಭಾಗದ ಮುಖ್ಯಸ್ಥರೇ, ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರಲಿರುವ ಎಂಜಿನಿಯರ್ ಮೇಡಂ ಅವರೇ, ಪಾಳಿ ಮುಗಿಸಿ ಕೈ ತೊಳೆದು ಬಂದಿರುವ ಸಹೋದ್ಯೋಗಿಗಳೇ, ಮತ್ತು ಕಾಫಿಗೆಂದು ಬಂದು ಭಾಷಣಕ್ಕೆ ಸಿಕ್ಕಿಬಿದ್ದಿರುವ ಸಭಿಕರೇ,

ಬೀಳ್ಕೊಡುಗೆಯ ಮಾತು ಚಿಕ್ಕದಾಗಿರಲಿ ಎಂದು ಮಾಲೀಕರು ಬೆಳಿಗ್ಗೆಯೇ ಹೇಳಿದ್ದಾರೆ. ಮಾತು ಮುಗಿದ ಮೇಲೆ ನನಗೊಂದು ಕೆಲಸವನ್ನೂ ಇಟ್ಟಿದ್ದಾರೆ. ಇಗೋ, ಇಲ್ಲಿ ರಿಬ್ಬನ್ ಕಟ್ಟಿ ನಿಲ್ಲಿಸಿರುವ ಮೆಮೊರಿ ಫೋಮ್ ಹಾಸಿಗೆ ನಮ್ಮ ಹೊಸ ಮಾಲು. ಎದ್ದು ಓಡಾಡಲಾಗದ ರೋಗಿಗಳಿಗೆಂದೇ ಮಾಡಿದ್ದು. ಇದರ ಮೇಲೆ ನಾನು ಕೊನೆಯ ಬಾರಿಗೆ ‘ಪಾಸ್’ ಮೊಹರು ಒತ್ತಬೇಕು, ಫೋಟೊದವರು ಫೋಟೊ ತೆಗೆಯಬೇಕು, ಸೋಮವಾರ ಮಾಲು ಅಂಗಡಿಗಳಿಗೆ ಹೊರಡಬೇಕು. ಅದಕ್ಕೆ ಮೊದಲು ನಾನು ನಾಲ್ಕು ಮಾತು ಹೇಳಲೇಬೇಕು.

ಇಪ್ಪತ್ತಾರು ವರ್ಷ ಇಲ್ಲಿ ಹಾಸಿಗೆ ಪರೀಕ್ಷೆ ಮಾಡಿದ್ದೇನೆ. ಕೆಲಸದ ವೇಳೆಯಲ್ಲಿ ಮಲಗಿದ್ದಕ್ಕೆ ಸಂಬಳ ಎಣಿಸಿಕೊಂಡವನು ಈ ಸಭೆಯಲ್ಲಿ ನಾನೊಬ್ಬನೇ ಇರಬೇಕು. ಉಳಿದವರು ಕದ್ದು ಮಲಗಿದ್ದೀರಿ, ನನಗೆ ಗೊತ್ತು.

ಒಳ್ಳೆಯ ಫೋಮ್ ಯಾವುದು ಎಂದು ನೆಂಟರೆಲ್ಲ ಕೇಳುತ್ತಾರೆ. ಮೆತ್ತಗಿದೆಯೇ ಎಂದು ನೋಡಬೇಡಿ, ತೂಕ ನೋಡಿ ಎನ್ನುತ್ತೇನೆ. ಒಂದೇ ಅಳತೆಯ ಎರಡು ತುಂಡುಗಳಲ್ಲಿ ಭಾರವಾದದ್ದು ಸಾಮಾನ್ಯವಾಗಿ ಹೆಚ್ಚು ದಿನ ಬಾಳುತ್ತದೆ. ಅಂಗೈ ಒತ್ತಿ ತೆಗೆಯಿರಿ. ಗುರುತು ನಿಧಾನವಾಗಿ ತುಂಬಿಕೊಳ್ಳಬೇಕು. ತಟ್ಟನೆ ಎದ್ದರೆ ಅದು ಬರೀ ಸ್ಪಂಜು, ಏಳದೇ ಇದ್ದರೆ ಅದು ನನ್ನ ಭಾವಮೈದುನ. ಅಂಗಡಿಯಲ್ಲಿ ಅಂಚಿಗೆ ಕೂತು ಎದ್ದು ಬರಬೇಡಿ, ನಾಚಿಕೆ ಬಿಟ್ಟು ಕಾಲು ಗಂಟೆ ಮಲಗಿ.

ಬಾಳಿಕೆಯ ಪರೀಕ್ಷೆ ಬೇರೆ. ಭಾರದ ಉರುಳೆಯನ್ನು ಹಾಸಿಗೆಯ ಮೇಲೆ ಸಾವಿರಾರು ಸಲ ಹಾಯಿಸುತ್ತೇವೆ. ಆಮೇಲೆ ಒಂದು ದಿನ ಅದನ್ನು ಸುಮ್ಮನೆ ಬಿಡುತ್ತೇವೆ. ಮರುದಿನ ತಗ್ಗು ಎಷ್ಟೆಂದು ಅಳೆಯುತ್ತೇವೆ. ಎರಡು ಸೆಂಟಿಮೀಟರಿನೊಳಗಿದ್ದರೆ ಪಾಸ್. ಇದು ನಮ್ಮ ಕಾರ್ಖಾನೆಯ ಪದ್ಧತಿ. ಒಂದು ದಿನ ಏಕೆ ಬಿಡಬೇಕು? ಸೇರಿದ ಹೊಸತರಲ್ಲಿ ನಾನೂ ಕೇಳಿದ್ದೆ. ಆಗಿನ ಮೇಸ್ತ್ರಿ, “ಮನುಷ್ಯ ಬೆಳಿಗ್ಗೆ ಎದ್ದು ಹೋಗ್ತಾನಲ್ಲಪ್ಪ, ಹಾಸಿಗೆ ಹಗಲೆಲ್ಲ ಸುಧಾರಿಸ್ಕೊಳ್ಳುತ್ತೆ” ಎಂದರು. ನ್ಯಾಯವಾದ ಮಾತು. ಬರೆದಿಟ್ಟುಕೊಂಡೆ.

ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿಗೆ ಪಾರ್ಶ್ವವಾಯು ಹೊಡೆಯಿತು. ಎಡಭಾಗದ ಸ್ವಾಧೀನ ಹೋಯಿತು, ಮಾತು ಉಳಿಯಿತು. ನಾನೇ ಪಾಸ್ ಮಾಡಿದ ಹಾಸಿಗೆಯೊಂದನ್ನು ಮನೆಗೆ ತಂದು ಹಾಕಿದೆ. ಅಕ್ಕಪಕ್ಕದವರಿಗೆ ಮೊಹರನ್ನೂ ತೋರಿಸಿದೆ. ಎಂಟು ತಿಂಗಳಾದ ಮೇಲೆ ಅವಳು, “ರೀ, ನಡುವೆ ಗುಂಡಿ ಬಿದ್ದಿದೆ. ಸೊಂಟ ಹೂತುಹೋಗುತ್ತೆ” ಎಂದಳು.

ನನಗೆ ನಗು ಬಂತು. ಯಾರ ಹತ್ತಿರ ಹೇಳುತ್ತಿದ್ದಾಳೆ? ಭಾನುವಾರ ಅವಳನ್ನು ಗಾಲಿಕುರ್ಚಿಗೆ ಕೂರಿಸಿ, ಸ್ನಾನ ಮಾಡಿಸಿ, ತಲೆ ಬಾಚಿ, ಊಟ ಮಾಡಿಸಿ, ಆಮೇಲೆ ಶಿಸ್ತಾಗಿ ಹಾಸಿಗೆಗೆ ಅಡ್ಡಪಟ್ಟಿ ಇಟ್ಟು, ಅದರ ಕೆಳಗಿನ ತಗ್ಗನ್ನು ಸ್ಕೇಲಿನಿಂದ ಅಳೆದೆ. ಒಂದೂವರೆ ಸೆಂಟಿಮೀಟರ್. “ಎಲ್ಲಿದೆಯೇ ಗುಂಡಿ? ಸ್ಕೇಲು ಸುಳ್ಳು ಹೇಳುತ್ತಾ?” ಎಂದು ಅವಳ ಕಣ್ಣ ಮುಂದೆ ಹಿಡಿದೆ. ಆರು ಭಾನುವಾರ ಹಿಡಿದೆ. ಏಳನೆಯ ಭಾನುವಾರದ ಹೊತ್ತಿಗೆ ಅವಳು ಹೇಳುವುದನ್ನೇ ಬಿಟ್ಟಳು. ಸರಿ, ಅರ್ಥವಾಯಿತು ಅವಳಿಗೆ ಎಂದುಕೊಂಡೆ.

ಸೊಂಟದ ಹತ್ತಿರ ಹುಣ್ಣಾಯಿತು. ಗಾಯ ತೊಳೆದು ಪಟ್ಟಿ ಕಟ್ಟಲು ಬಂದ ನರ್ಸಮ್ಮ ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ, ನನ್ನ ಕೈ ಎಳೆದು ಅವಳು ಮಲಗಿದ್ದ ಜಾಗದಲ್ಲಿ ಇಟ್ಟರು. “ಈಗ ನೋಡಿ ಸಾರ್. ಆಮೇಲಲ್ಲ, ಈಗ.” ನನ್ನ ಅಂಗೈ ಪೂರ್ತಿ ಗುಂಡಿಯೊಳಗಿತ್ತು. ನೋಡುತ್ತಿದ್ದಂತೆಯೇ ಅದು ನಿಧಾನವಾಗಿ ತುಂಬತೊಡಗಿತು. ನನ್ನ ಭಾನುವಾರಗಳಲ್ಲಿ ನಡೆದದ್ದು ಇಷ್ಟೇ. ಸ್ನಾನ, ಊಟ ಮುಗಿಯುವಷ್ಟರಲ್ಲಿ ಹಾಸಿಗೆ ಸುಧಾರಿಸಿಕೊಳ್ಳುತ್ತಿತ್ತು. ಹೆಂಡತಿಯನ್ನು ಸುಳ್ಳುಗಾತಿ ಮಾಡಲು ನಾನು ಪದ್ಧತಿ ಪ್ರಕಾರವೇ ಅಳೆದಿದ್ದೆ.

ಅವತ್ತೇ ಹೇಳಿದೆ: “ಗುಂಡಿ ಇತ್ತು ಕಣೇ.”

“ಗೊತ್ತು ರೀ,” ಎಂದಳು. “ಅದರೊಳಗೆ ಮಲಗಿದ್ದವಳು ನಾನಲ್ವಾ?”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ಹುಣ್ಣು ಮಾಯಲು ಏಳು ತಿಂಗಳು ಹಿಡಿಯಿತು. ಈಗ ಅವಳಿಗೆ ಗಾಳಿ ತುಂಬುವ ಹಾಸಿಗೆ, ನಮ್ಮದಲ್ಲ. ಮಾರಾಟ ವಿಭಾಗದವರು ಕ್ಷಮಿಸಬೇಕು.

ಕಳೆದ ವಾರ ಈ ಹೊಸ ಹಾಸಿಗೆಯ ಮೇಲೂ ಉರುಳೆ ಹಾಯಿಸಿದೆ. ನಿಲ್ಲಿಸಿದ ಕೂಡಲೇ ಅಳೆದೆ. ಮೂರೂವರೆ ಸೆಂಟಿಮೀಟರ್. ಮರುದಿನ ಅಳೆದೆ. ಒಂದೂಮುಕ್ಕಾಲು. ಎರಡನ್ನೂ ಮಾಲೀಕರ ಮೇಜಿನ ಮೇಲಿಟ್ಟೆ. “ಮರುದಿನದ್ದೇ ತಾನೇ ರೂಲು? ಹೋಗೋ ಕಾಲಕ್ಕೆ ಯಾಕ್ರೀ ಇಲ್ಲದ ತಲೆನೋವು?” ಎಂದರು. ರೂಲಿನ ಪ್ರಕಾರ ಅವರ ಮಾತು ಸರಿ. ಆದರೆ ಈ ಹಾಸಿಗೆ ಕೊಳ್ಳುವವರ ಮನೆಯಲ್ಲಿ ಬೆಳಿಗ್ಗೆ ಯಾರೂ ಎದ್ದು ಹೋಗುವುದಿಲ್ಲವಲ್ಲ?

ಆದ್ದರಿಂದ ನಾನು ಮೊಹರು ಒತ್ತುವುದಿಲ್ಲ. ಫೋಟೊದವರು ಕೂತುಕೊಳ್ಳಬಹುದು. ಓಡಾಡುವ ಜನಕ್ಕೆ ಮಾರುವುದಾದರೆ ಇದು ಒಳ್ಳೆಯ ಹಾಸಿಗೆಯೇ. ರೋಗಿಗಳಿಗೆಂದು ಮಾರಕೂಡದು.

ಮೇಡಂ, ಮೊಹರನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ನಿಮಗೆ ‘ಒತ್ತಿ’ ಎನ್ನುತ್ತಾರೆ. ನಿಮಗೆ ಕೆಲಸ ಹೊಸದು, ಅದು ಕಷ್ಟವೆಂದು ನನಗೆ ಗೊತ್ತು. ಒಂದೇ ಮಾತು ಹೇಳುತ್ತೇನೆ. ಮಲಗಿದವರು ಗುಂಡಿ ಇದೆ ಎಂದರೆ, ಸ್ಕೇಲು ಹುಡುಕಲು ಹೋಗಬೇಡಿ. ಮೊದಲು ಅವರನ್ನು ಎತ್ತಿ, ಆ ಕ್ಷಣವೇ ಅಲ್ಲಿ ಕೈ ಇಟ್ಟು ನೋಡಿ.

ಐದು ಗಂಟೆಗೆ ನನ್ನ ಹೆಂಡತಿಯ ಮಗ್ಗುಲು ಬದಲಿಸಬೇಕು, ಹೊರಡುತ್ತೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ತಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.