ಒಂಬತ್ತು ದಿನದ ಮೋಡ

ಎಂಬತ್ತೆರಡರ ಡಿಸೆಂಬರ್. ಒಂಬತ್ತು ದಿನದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಗಂಗಾದೇವಿ ಕಿಟಕಿಗೆ ಒರಗಿ ಕೂತಿದ್ದಳು. ಮುಂದಿನ ಸೀಟಿನಲ್ಲಿ ಇಟ್ಟಂಗಿ ಭಟ್ಟಿಯ ಮದರಬೀ, ಅವಳ ಆಚೆ ಬದಿಗೆ ಮಳೆ ಅಳೆಯುವ ನೌಕರಿಯ ಬಾಳಪ್ಪ.

"ಬಾಳಪ್ಪಾ, ಮೋಡ ಬಂದ್ರ ಎರಡು ದಿನಕ್ಕ ಹೋಗತೈತಿ. ಇದಕ್ಕ ಯಾರು ಕೂಳು ಹಾಕಾಕತ್ತಾರ?" ಮದರಬೀ ಕೇಳಿದಳು.

"ಮ್ಯಾಲಿನ ಗಾಳಿ, ಅಕ್ಕಾ. ಉತ್ತರಕ್ಕ ಥಂಡಿ, ದಕ್ಷಿಣಕ್ಕ ಕಾವು. ಆ ಎರಡರ ಅಂತರದಾಗ ಹರಿಯೂ ಗಾಳಿಯಿಂದ ಇದು ಬಲಾ ತಗೊಂತೈತಿ ಅಂತ ನಮ್ಮ ಆಫೀಸಿನ ಸಾಹೇಬ್ರು ಹೇಳ್ಯಾರ. ಸಣ್ಣ ಮೋಡ ಲಗೂನ ದಣೀತೈತಿ. ಇಂಥ ದೊಡ್ಡದು ಮೆಲ್ಲಕ ತಿಂದು ಮೆಲ್ಲಕ ಸರೀತೈತಿ."

"ನಮ್ಮ ಬೀಗರಂಗ."

"ಹಂಗ ಅನ್ರಿ."

"ಮಳಿ ಬರತೈತೇನು?"

"ನಾ ಬಿದ್ದ ಮಳಿ ಅಳತಿ ಮಾಡಾಂವ. ಬೀಳೂದು ನನಗೇನು ಗೊತ್ತು?"

"ಮತ್ತ ಬಾಜೂ ಭಟ್ಟಿ ಕಲಂದರ ನಿನ್ನೆನ ತನ್ನ ಹಸಿ ಇಟ್ಟಂಗಿಗೆ ಹುಲ್ಲು ಹೊಚ್ಚಿದ ಯಾಕ? ನನ್ನವು ಹತ್ತು ಸಾವಿರ ಬಯಲಾಗ ಅದಾವ. ಹೊಚ್ಚಿದ್ರ ಒಣಗೂದಿಲ್ಲ, ಬಿಟ್ರ ಒಂದು ಮಳಿಗೆ ಎಲ್ಲಾ ಕೆಸರು."

ಬಾಳಪ್ಪ ಛತ್ರಿಯ ಹಿಡಿಕೆ ತಿರುವುತ್ತ ಕೂತ.

"ನಿನ್ನ ಹೊಸಾ ಮನಿಗೆ ಇಟ್ಟಂಗಿ ಯಾರ ಭಟ್ಟಿದು?"

"ಕಲಂದರಂದು."

"ಅವಗ ಏನು ಹೇಳಿದಿ?"

"ಹೊಚ್ಚು ಅಂದೆ. ಮಳಿ ಬರಬಹುದು ಅಂತ ಸಾಹೇಬ್ರು ಆಡಿದ ಮಾತು, ಖಾತ್ರಿ ಏನಿಲ್ಲ. ನೀವೂ ಹೊಚ್ಚರಿ."

"ಈಗ ಹೇಳತಿ. ನನ್ನವು ಒಣಗಬಾರದು ಅಂತ ಆ ಕಲಂದರನ ನಿನಗ ಹೇಳಿ ಕಳಿಸಿದ್ರ?"

ತಾನಾಗಿದ್ದರೂ ಬಾಳಪ್ಪನನ್ನು ನಂಬುತ್ತಿರಲಿಲ್ಲ ಅನ್ನಿಸಿತು ಹಿಂದೆ ಕೂತು ಕೇಳುತ್ತಿದ್ದ ಗಂಗಾದೇವಿಗೆ.

ಭಟ್ಟಿಯ ಹತ್ತಿರ ಬಸ್ಸು ನಿಂತಿತು. ಮದರಬೀ ಎದ್ದಳು.

"ಖರೇ ಇದ್ರ ನನ್ನ ಕೂಡ ಇಳಿ. ಹುಲ್ಲು ಹೊಚ್ಚಾಕ ಒಂದು ಆಳು ಕಡಿಮಿ ಐತಿ."

ಬಾಳಪ್ಪನ ಟಿಕೀಟು ಇನ್ನೂ ಖಾನಾಪುರದ ತನಕ ಇತ್ತು. ಅವನು ಅಂಗಿಯ ತೋಳು ಮಡಚುತ್ತ ಅವಳ ಹಿಂದೆ ಇಳಿದ.