ಕನ್ನಡಿಯ ಮೇಲಿನ ಟಿಕಳಿ

ಶೈಲಾ, ತಂದೆ ದ್ಯಾಮಪ್ಪ, ವಯಸ್ಸು 23, ಬಿ.ಎ. (ಕನ್ನಡ ಸಾಹಿತ್ಯ), ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೆಲಸ, ಸಾ: ಬಸ್ ನಿಲ್ದಾಣದ ಹಿಂದೆ, ಹಳಿಯಾಳ. ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಇಂದು ಬೆಳಿಗ್ಗೆ 8.40ಕ್ಕೆ ಸ್ಟುಡಿಯೋದ ಕನ್ನಡಿ ಒರೆಸುವಾಗ ನೆಲದಿಂದ ನಾಲ್ಕಡಿ ಎತ್ತರದಲ್ಲಿ ಹಣೆಗೆ ಹಚ್ಚುವ ಒಂದು ಸಣ್ಣ ಕೆಂಪು ಟಿಕಳಿ ಕಂಡೆ. ಫೋಟೋಕ್ಕೆ ಬರುವ ಹೆಂಗಸರು ಹಳೆಯ ಟಿಕಳಿಯನ್ನು ಅಲ್ಲಿ ಅಂಟಿಸಿ ಮರೆಯುತ್ತಾರೆ. ಅವೆಲ್ಲ ಐದಡಿಯ ಹತ್ತಿರ ಇವೆ. ಇದೊಂದೇ ಕೆಳಗಿತ್ತು.

9.15ಕ್ಕೆ ಒಂಬತ್ತು ಕಿ.ಮೀ. ದೂರದ ತಾಂಡಾದಿಂದ ಫೂಲಿಬಾಯಿ ಎಂಬವರು ಬಂದು, ಶಾಲೆಯ ಗುಂಪು ಫೋಟೋದಲ್ಲಿದ್ದ ಮಗಳ ಮುಖವನ್ನು ದೊಡ್ಡದು ಮಾಡಿಕೊಡಲು ಕೇಳಿದರು. ಮಗಳು ಮಾಯಾ, 12 ವರ್ಷ, ಸೋಮವಾರ ದುಂಡೇಶ ಎಂಬವನ ಜೊತೆ ಗೋವಾಕ್ಕೆ ಮನೆಗೆಲಸಕ್ಕೆ ಹೋದಳು, ಅವನು ಕೊಟ್ಟ ಫೋನ್ ನಂಬರು ಹತ್ತುತ್ತಿಲ್ಲ ಎಂದರು. ಮುಖ ನೋಡಿ ನನಗೆ ಗುರುತು ಸಿಕ್ಕಿತು.

ದಿನಾಂಕ 24-5-2003ರಂದು 11.20ಕ್ಕೆ ದುಂಡೇಶ ಈ ಹುಡುಗಿಯನ್ನು ತನ್ನ ಸೋದರಸೊಸೆಯೆಂದು ಕರೆತಂದು, ಸೀರೆಯಲ್ಲಿ ಫೋಟೋ ತೆಗೆಯಲು ಹೇಳಿದ್ದ. ಅದಕ್ಕೆಂದೇ ಸ್ಟುಡಿಯೋದಲ್ಲಿ ಒಂದು ಹಸಿರು ಸೀರೆ ಇದೆ. ಏಳನೆಯ ತರಗತಿಯ ರಜೆಯಲ್ಲಿ ನನ್ನ ಅವ್ವ ನನಗೂ ಅದನ್ನೇ ಉಡಿಸಿ, ಹಿಂದೆ ಪಿನ್ನು ಚುಚ್ಚಿ ಫೋಟೋ ತೆಗೆಸಿದ್ದಳು. ಅಂದು ಹಾದಿಯುದ್ದಕ್ಕೂ ಅಪ್ಪ ನನ್ನನ್ನು ಶಾಲೆಯ ಟೀಚರನ್ನು ಕರೆಯುವಂತೆ ಅಕ್ಕೋರ ಎಂದು ಕರೆದು ನಗಿಸಿದ್ದರು. ಆ ಫೋಟೋ ಇನ್ನೂ ನಮ್ಮ ಗೋಡೆಯ ಮೇಲಿದೆ. ಇದೂ ಅಂಥದ್ದೇ ಎಂದು ತಿಳಿದು, ಆರು ಪಿನ್ನು ಹಾಕಿ ನಾನೇ ಉಡಿಸಿದೆ. ದುಂಡೇಶ ದೊಡ್ಡ ಟಿಕಳಿ ಹಚ್ಚಲು ಹೇಳಿದ. ಮಾಯಾ ತನ್ನ ಸಣ್ಣದನ್ನು ತೆಗೆದು ಕನ್ನಡಿಗೆ ಅಂಟಿಸಿದಳು.

“ಅಕ್ಕಾರ, ನಾ ಈಗ ದೊಡ್ಡಾಕಿ ಕಾಣ್ತೇನಿ ಹೌದಿಲ್ರಿ?” ಎಂದಳು. ನಾನು ಹೌದೆಂದೆ.

11.50ಕ್ಕೆ ದುಂಡೇಶ ಆ ಫೋಟೋವನ್ನು ಸ್ಟುಡಿಯೋದ ಇ-ಮೇಲಿನಿಂದ ಗಲ್ಫ್‌ನಲ್ಲಿರುವ ಒಬ್ಬರಿಗೆ ಕಳಿಸಲು ಹೇಳಿ, ವಯಸ್ಸು 21 ಎಂದು ಬರೆಸಿದ. ನಾನು ಕೈ ತಡೆದಾಗ, ತಾಂಡಾದ ಮಂದಿಯ ವಯಸ್ಸನ್ನು ಯಾರು ಬರೆದಿಟ್ಟಿದ್ದಾರೆ ಎಂದು ನಕ್ಕ. ಎದುರು ಮಾತಾಡುವ ರೂಢಿ ನನಗಿಲ್ಲ. 21 ಎಂದೇ ಬರೆದು ಕಳಿಸಿದೆ.

ಇಂದು 9.30ಕ್ಕೆ ಇ-ಮೇಲ್ ತೆರೆದೆ. ಗಲ್ಫ್‌ನಿಂದ ನಿನ್ನೆ ಉತ್ತರ ಬಂದಿತ್ತು. ಪಾಸ್‌ಪೋರ್ಟ್ ಸಿದ್ಧವಿದೆ, 19ರ ಸಂಜೆ, ಅಂದರೆ ನಾಳೆ, ಮುಂಬಯಿಯಿಂದ ವಿಮಾನ ಎಂದಿತ್ತು. ಮಾಲಕರಾದ ಪರಸಪ್ಪನವರು ಅದನ್ನು ಅಳಿಸಿಬಿಡಲು ಹೇಳಿದರು. ಠಾಣೆಗೆ ಹೋದರೆ ನೌಕರಿ ಉಳಿಯುವುದಿಲ್ಲ ಎಂದರು. ನಾನು ಆ ಪತ್ರ ಮತ್ತು ಸೀರೆಯ ಫೋಟೋದ ಪ್ರಿಂಟ್ ತೆಗೆದುಕೊಂಡು, ಫೂಲಿಬಾಯಿಯೊಂದಿಗೆ 600 ಮೀಟರ್ ನಡೆದು 10.05ಕ್ಕೆ ಇಲ್ಲಿಗೆ ಬಂದೆ. ಹಾದಿಯಲ್ಲಿ ಅವರು ಸೀರೆಯ ಫೋಟೋ ನೋಡಿ, “ಇಕಿ ಯಾರವ್ವಾ?” ಎಂದು ಕೇಳಿದರು.

11.10ಕ್ಕೆ ಠಾಣೆಯ ಸಾಹೇಬರ ಸೂಚನೆಯಂತೆ, ಸ್ಟುಡಿಯೋದ ಅದೇ ಕಂಪ್ಯೂಟರಿನಿಂದ ಶಾಲೆಯ ಮತ್ತು ಸೀರೆಯ ಎರಡೂ ಫೋಟೋಗಳನ್ನು ಮುಂಬಯಿ ವಿಮಾನ ನಿಲ್ದಾಣದ ಪೊಲೀಸರಿಗೆ ಕಳಿಸಿದೆ. ಪಾಸ್‌ಪೋರ್ಟಿನಲ್ಲಿ 21 ಇದ್ದರೆ ಅಲ್ಲಿಯವರು ಅದನ್ನೇ ನಂಬಬಹುದು, ಎರಡೂ ಫೋಟೋ ಒಬ್ಬಳದೇ ಎಂದು ತಿಳಿದವರ ಹೇಳಿಕೆ ಜೊತೆಗೆ ಬೇಕು ಎಂದು ಸಾಹೇಬರು ಹೇಳಿದರು. ಟಿಕಳಿಯನ್ನು ಕನ್ನಡಿಯಿಂದ ತೆಗೆದಿಲ್ಲ. ಸೀರೆ ಉಡಿಸಿದವಳು ಮತ್ತು 21 ಎಂದು ಬರೆದವಳು ನಾನೇ ಎಂದು ನನ್ನ ಹೆಸರಿನಲ್ಲೇ ಬರೆಸಿದ್ದೇನೆ.

ಇದನ್ನು ನನಗೆ ಓದಿ ಹೇಳಲಾಗಿದ್ದು, ನಾನು ನುಡಿದಂತೆಯೇ ನಿಜವಾಗಿದೆ.

ಸ್ಥಳ: ಹಳಿಯಾಳ
ದಿನಾಂಕ: 18-6-2003, ಸಮಯ 11.45
ಸಹಿ: ಶೈಲಾ ದ್ಯಾ.