ಮೂರನೇ ಡ್ರಮ್ ತಿರುಗಿದ ಬಗ್ಗೆ

ಹೆಸರು ಅಕ್ಷಿತಾ, ತಂದೆ ಎರ್ರಣ್ಣ, ವಯಸ್ಸು 27 ವರ್ಷ, ಉದ್ಯೋಗ ಸಾಫ್ಟ್‌ವೇರ್ ಕೆಲಸ, ವಾಸ ಗಾಂಧಿನಗರ, ಬಳ್ಳಾರಿ, ಸ್ವಂತ ಊರು ಕುರುಗೋಡು ತಾಲ್ಲೂಕಿನ ಬಾದನಹಟ್ಟಿ. ಯಾರೂ ಕರೆಸದೆ ನಾನೇ ಠಾಣೆಗೆ ಬಂದು ಬರೆಸುವುದೇನೆಂದರೆ,

ನಗರದ ಒಂದು ಜೀನ್ಸ್ ವಾಷಿಂಗ್ ಘಟಕಕ್ಕೆ ನಾನು ಎಂಟು ತಿಂಗಳಿಂದ ಡೆಸ್ಕ್‌ಟಾಪ್ ಅಪ್ಲಿಕೇಶನ್ ಮಾಡಿಕೊಡುತ್ತಿದ್ದೇನೆ. ನೀರು ಬಿಡುವುದು, ಸೋಡಾ ಹಾಕುವುದು, ಡ್ರಮ್ ತಿರುಗಿಸುವುದು, ಹೀಗೆ ಒಂದೊಂದು ಕೆಲಸಕ್ಕೂ ಪರದೆಯ ಮೇಲೆ ಒಂದೊಂದು ಚೌಕ ಇಟ್ಟು ಗೆರೆ ಎಳೆದು ಜೋಡಿಸಿದರೆ, ಯಂತ್ರಗಳು ಅದೇ ಕ್ರಮದಲ್ಲಿ ತಾವಾಗಿಯೇ ನಡೆಯುತ್ತವೆ. ಡ್ರಮ್ ತಿರುಗುವ ಮೊದಲು, ಒಳಗೆ ಯಾರೂ ಇಲ್ಲವೇ ಎಂದು ಅಪ್ಲಿಕೇಶನ್ ಪರದೆಯ ಮೇಲೆ ಕೇಳುತ್ತದೆ. ಆಪರೇಟರ್ ಪಕ್ಕೀರಪ್ಪನವರು, 52 ವರ್ಷ, ನೋಡಿ ಬಂದು ಒಪ್ಪಿಗೆ ಒತ್ತಬೇಕು. ಡ್ರಮ್ಮಿನೊಳಗೆ ಇಳಿಯುವವರು ಆ ಡ್ರಮ್ಮಿನ ಸ್ವಿಚ್ಚಿಗೆ ಜೀನ್ಸ್ ಚಿಂದಿ ಕಟ್ಟುವುದು ಅಲ್ಲಿನ ರೂಢಿ. ಚಿಂದಿ ಕಂಡರೆ ಅವರು ಒತ್ತುವುದಿಲ್ಲ.

ದಿನಾಂಕ 13ರಂದು ಪರೀಕ್ಷೆ ಮಾಡುವಾಗ ಆ ಪ್ರಶ್ನೆ ಪದೇ ಪದೇ ಬಂದು ನನಗೆ ತಲೆ ಕೆಟ್ಟಿತು. ಪಕ್ಕೀರಪ್ಪನವರ ಹೆಸರಿನಲ್ಲಿ ಒಪ್ಪಿಗೆ ತಾನಾಗಿ ಹೋಗುವಂತೆ ಮಾಡಿದೆ. ಆಮೇಲೆ ಅದನ್ನು ತೆಗೆಯಲು ಮರೆತೆ.

14ರಂದು ಬೆಳಿಗ್ಗೆ 11.40ಕ್ಕೆ, ಮೂರನೇ ಡ್ರಮ್ಮಿನಿಂದ 60 ಅಡಿ ದೂರದ ಕೋಣೆಯಲ್ಲಿ ಕೂತು ಹೊಸ ಕ್ರಮವನ್ನು ಚಾಲೂ ಮಾಡಿದೆ. ಕೆಲಸಗಾರ ದುರುಗಣ್ಣನವರು ದಾರದ ಗಂಟು ಬಿಡಿಸಲು ಸೊಂಟದವರೆಗೆ ಒಳಗೆ ಬಗ್ಗಿದ್ದರು. ಪಕ್ಕೀರಪ್ಪನವರು, "ಮೇಡಂ, ಬಂದ್ ಮಾಡ್ರಿ! ದುರುಗಣ್ಣ ಒಳಗ ಅದಾನ!" ಎಂದು ಕೂಗಿದರು. ಗಾಬರಿಯಲ್ಲಿ ಮೌಸ್ ಕೈಜಾರಿ ಕೆಳಗೆ ಬಿತ್ತು. ನಿಲ್ಲಿಸುವಷ್ಟರಲ್ಲಿ ಡ್ರಮ್ ಎರಡು ಸುತ್ತು ತಿರುಗಿತ್ತು. ಚಿಂದಿ ಸ್ವಿಚ್ಚಿನಲ್ಲೇ ಇತ್ತು. ದುರುಗಣ್ಣನವರ ಬಲಗೈ ಮುರಿದು ತಲೆಗೆ ಪೆಟ್ಟಾಗಿದೆ, ಇನ್ನೂ ಪ್ರಜ್ಞೆ ಬಂದಿಲ್ಲ.

ಮಾಲೀಕರು ಕಂಪ್ಯೂಟರಿನ ದಾಖಲೆ ತೆಗೆದು, ಒಪ್ಪಿಗೆ ಕೊಟ್ಟವನು ಪಕ್ಕೀರಪ್ಪ ಎಂದು ಪೊಲೀಸರಿಗೆ ತೋರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೆದರಿ ಬಾಯಿ ಬಿಡಲಿಲ್ಲ. ಸಂಜೆ 5ಕ್ಕೆ ಆಸ್ಪತ್ರೆಯಲ್ಲಿ ದುರುಗಣ್ಣನವರ ಹೆಂಡತಿ ಈರಮ್ಮನವರು ನನ್ನ ಕೈ ಹಿಡಿದು, "ನೀನ ಹೇಳವ್ವಾ, ಪಕ್ಕೀರಪ್ಪ ನೋಡಲಾರ್ದ ಯಾಕ ಹೂಂ ಅಂದ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಜೈಲಿಗೆ ಹೋಗಬೇಕಾದೀತೆಂದು ನನಗೆ ಈಗಲೂ ಹೆದರಿಕೆ ಇದೆ. ಆದರೆ ಪಕ್ಕೀರಪ್ಪನವರು ಒತ್ತಿಲ್ಲ. ಯಂತ್ರ ಅವರನ್ನು ಕೇಳಲೇ ಇಲ್ಲ. ಇವತ್ತು ಬೆಳಿಗ್ಗೆ 8ರಿಂದ ಅವರು ಈ ಠಾಣೆಯ ಬೆಂಚಿನ ಮೇಲೆ ಕೂತಿದ್ದಾರೆ. ಒಳಗೆ ಬರುತ್ತಿದ್ದ ನನ್ನನ್ನು ಕಂಡು ಎದ್ದು ನಿಂತು, "ನಾನ ಒತ್ತಿರಬೇಕು ಮೇಡಂ, ನೆನಪಾಗವಲ್ದು" ಎಂದು ಅತ್ತರು.

ಬರೆದದ್ದನ್ನು ಓದಿಸಿ ಕೇಳಿದೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಮೊದಲು ಅವರನ್ನು ಮನೆಗೆ ಕಳಿಸಿ.

ಸ್ಥಳ: ಬಳ್ಳಾರಿ
ದಿನಾಂಕ: 15-10-2025, ಬೆಳಿಗ್ಗೆ 10.30
ಸಹಿ: ಅಕ್ಷಿತಾ